ಸುಣ್ಣದ ಹರಳಿನಲ್ಲಿ ಮಳೆಯ ಲೆಕ್ಕ: ಅರಸೀಕೆರೆ ಸೀಮೆಗೆ ಯಾವ ದಾಖಲೆ ಸಲ್ಲುತ್ತದೆ?

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಅದರಾಚೆಯ ಉಚ್ಚಂಗಿದುರ್ಗ, ಬಡಗಣಕ್ಕೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ತುಂಗಭದ್ರೆಯ ದಂಡೆಗೆ ಹಡಗಲಿ. ಇದು ವರ್ಷಕ್ಕೆ 600 ಮಿ.ಮೀ. ಆಸುಪಾಸಿನಷ್ಟು ಮಳೆ ಕಾಣುವ ಸೀಮೆ. ಇಲ್ಲಿ ಒಂದು ಮಳೆ ತಪ್ಪಿದರೆ ಬೆಳೆ ತಪ್ಪುತ್ತದೆ. ಆದ್ದರಿಂದ ಮಳೆಮಾಪಕ ಬರುವ ಮೊದಲು ಈ ನೆಲದ ಮೇಲೆ ಮಳೆ ಹೇಗೆ ಏರಿಳಿಯಿತು ಎಂಬುದು ಇತಿಹಾಸದವರಿಗೂ ಬೇಸಾಯದವರಿಗೂ ಬೇಕಾದ ಪ್ರಶ್ನೆ. ಜಗತ್ತಿನ ಬೇರೆ ಕಡೆ ಇಂಥ ಪ್ರಶ್ನೆಗೆ ಗವಿಗಳಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬಗಳು ಉತ್ತರ ಕೊಟ್ಟಿವೆ. ಕರ್ನಾಟಕದಲ್ಲೂ ಅಂಥ ಒಂದು ಒಳ್ಳೆಯ ದಾಖಲೆ ಉಂಟು. ಆದರೆ ಅದು ಉತ್ತರ ಕನ್ನಡದ್ದು. ಅದನ್ನು ಅರಸೀಕೆರೆಗೆ ನೇರವಾಗಿ ಅನ್ವಯಿಸಬಾರದು, ಈ ಸೀಮೆಯ ಸ್ವಂತ ದಾಖಲೆ ಇಲ್ಲಿನ ಹೊಲ ಮತ್ತು ಹಳ್ಳದ ದಂಡೆಗಳ ಸುಣ್ಣದ ಹರಳುಗಳಲ್ಲಿದೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ರಸಾಯನ. ಮಣ್ಣಿನೊಳಗಿನ ಗಾಳಿಯಲ್ಲಿ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುವ ಕಾರಣ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಮಳೆನೀರು ಅದನ್ನು ಹೀರಿಕೊಂಡು ಮೆಲುವಾದ ಆಮ್ಲವಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಿಕೊಳ್ಳುತ್ತದೆ. ಗವಿಯ ಚಾವಣಿಯಲ್ಲಿ ಹನಿಯಾಗಿ ತೂಗಿದಾಗ ಅನಿಲ ಹೊರಹೋಗುತ್ತದೆ, ಕರಗಿದ ಸುಣ್ಣ ಮತ್ತೆ ಕಲ್ಲಾಗುತ್ತದೆ. ಚಾವಣಿಯಿಂದ ಇಳಿಯುವುದು ಸ್ಟಾಲಕ್ಟೈಟ್, ಹನಿ ಬಿದ್ದ ಜಾಗದಿಂದ ಮೇಲೇಳುವುದು ಸ್ಟಾಲಗ್ಮೈಟ್. ದಾಂಡೇಲಿ ಕಾಡಿನ ಕವಳಾ ಗವಿಯಲ್ಲಿ ಭಕ್ತರು ಶಿವಲಿಂಗವೆಂದು ಪೂಜಿಸುವ ಕಂಬವೂ ಇದೇ ಬಗೆಯಲ್ಲಿ ಬೆಳೆದದ್ದು. ನೆಲದಿಂದ ಉಕ್ಕುವ ಸುಣ್ಣದ ಸೆಲೆಗಳಲ್ಲೂ ಇದೇ ಕ್ರಿಯೆ ನಡೆಯುತ್ತದೆ. ನೀರು ಬಯಲಿಗೆ ಬಂದೊಡನೆ ಅನಿಲ ಬಿಟ್ಟು ಪಾಚಿ, ಎಲೆ, ಕಡ್ಡಿಗಳ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಅದನ್ನು ಟ್ರಾವರ್ಟೈನ್ ಎನ್ನುತ್ತಾರೆ.

ಮಳೆಯ ಗುರುತು ಇದರೊಳಗೆ ಉಳಿಯುವುದು ಆಕ್ಸಿಜನ್ನಿನ ಎರಡು ಐಸೋಟೋಪುಗಳ ಅನುಪಾತದಲ್ಲಿ. ನಿಸರ್ಗದ ಆಕ್ಸಿಜನ್ನಿನಲ್ಲಿ ಭಾರವಾದ ಆಕ್ಸಿಜನ್-18ರ ಪಾಲು ಶೇಕಡಾ 0.2 ಮಾತ್ರ. ಮೋಡ ಮಳೆಯಾಗುವಾಗ ಭಾರದ್ದು ಮೊದಲು ಇಳಿಯುತ್ತದೆ. ಸುರಿದಷ್ಟೂ ಉಳಿದ ಆವಿ ಹಗುರವಾಗುತ್ತ ಹೋಗುತ್ತದೆ, ಹಾಗಾಗಿ ಜೋರು ಮಳೆಯ ತಿಂಗಳ ನೀರಿನಲ್ಲಿ ಆಕ್ಸಿಜನ್-18 ಕಡಿಮೆ. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ 1964ರಲ್ಲಿ ಇದನ್ನು ವಿವರಿಸಿದರು. ಉಷ್ಣವಲಯದ ದ್ವೀಪ ಕೇಂದ್ರಗಳ ಅಳತೆಯಂತೆ ತಿಂಗಳ ಮಳೆ 100 ಮಿ.ಮೀ. ಹೆಚ್ಚಿದರೆ ಅನುಪಾತ ಸಾವಿರಕ್ಕೆ ಸುಮಾರು 1.5ರಷ್ಟು ಇಳಿಯುತ್ತದೆ. ಸುಣ್ಣ ಕಲ್ಲಾಗುವಾಗಿನ ಉಷ್ಣಾಂಶವೂ ಅನುಪಾತವನ್ನು ಬದಲಿಸುತ್ತದೆ, ಆದರೆ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸಾವಿರಕ್ಕೆ 0.2ರಷ್ಟು ಮಾತ್ರ. ನಮ್ಮಂಥ ಬಿಸಿ ನಾಡಿನ ಗವಿಗಳಲ್ಲಿ ಮಳೆಯ ಪ್ರಭಾವ ಉಷ್ಣಾಂಶದ ಪ್ರಭಾವವನ್ನು ಮೀರುವುದು ಈ ಕಾರಣದಿಂದಲೇ.

ಈ ತತ್ತ್ವವನ್ನು ಕರ್ನಾಟಕದಲ್ಲಿ ಬಳಸಿದ ಕೆಲಸ ಉತ್ತರ ಕನ್ನಡದ ಆಕಳಗವಿಯದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಂ. ಜಿ. ಯಾದವ ಮತ್ತು ಆರ್. ರಮೇಶ್, ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ಜಿ. ಬಿ. ಪಂತ್ ಸೇರಿ 2004ರಲ್ಲಿ 'ದಿ ಹೋಲೊಸೀನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಓದಿದ್ದು 331 ವರ್ಷಗಳ ದಾಖಲೆ. ಘಟ್ಟದಲ್ಲಿ ಮಳೆಗಾಲ ಮತ್ತು ಒಣಗಾಲ ಸ್ಪಷ್ಟವಾಗಿ ಬೇರೆಬೇರೆ. ಆದ್ದರಿಂದ ಕಂಬದಲ್ಲಿ ವರ್ಷಕ್ಕೊಂದು ಪದರ ಕಣ್ಣಿಗೇ ಕಾಣುವಂತೆ ಕಟ್ಟಿದೆ, ಪದರ ಎಣಿಸಿದರೆ ವರ್ಷ ಸಿಗುತ್ತದೆ. ದಕ್ಷಿಣ ಭಾರತದಲ್ಲಿ ಮಳೆಮಾಪಕಗಳಿಗಿಂತ ಹಿಂದಕ್ಕೆ ವರ್ಷವರ್ಷವಾಗಿ ಹೋಗಬಲ್ಲ ದಾಖಲೆಗಳು ಬಹಳ ಕಡಿಮೆ. ಆ ಕಾರಣಕ್ಕೆ ಈ ಒಂದು ಕಂಬದ ಬೆಲೆ ದೊಡ್ಡದು, ಕನ್ನಡದಲ್ಲಿ ಇದರ ಪ್ರಸ್ತಾಪ ಇಷ್ಟು ಕಡಿಮೆಯಾಗಿರುವುದು ನನಗೆ ಬೇಸರದ ವಿಷಯ.

ಆ 331 ವರ್ಷಗಳೊಳಗೆ ನಮ್ಮ ಸೀಮೆಯ ಎರಡು ಭೀಕರ ಬರಗಳೂ ಬರುತ್ತವೆ: 1791-92ರ ಡೋಗಿ ಬರ ಮತ್ತು ಧಾತು, ಈಶ್ವರ ಸಂವತ್ಸರಗಳ 1876-78ರ ಬರ. ಎರಡನೆಯದು ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಆಗ ಮದ್ರಾಸ್ ಪ್ರಾಂತ್ಯದ ಅದೇ ಜಿಲ್ಲೆಯಲ್ಲಿದ್ದವು. ಹಾಗಾದರೆ ಆಕಳಗವಿಯ ಪದರಗಳನ್ನು ಎಣಿಸಿ, ಆ ವರ್ಷಗಳಲ್ಲಿ ಮಳೆ ಬಿದ್ದಿತೋ ಇಲ್ಲವೋ ನೋಡಿ, ಅದನ್ನೇ ಅರಸೀಕೆರೆಯ ಚರಿತ್ರೆಗೆ ಬರೆದುಕೊಂಡರೆ ಆಗದೇ? ಆಗದು ಎಂದೇ ನನ್ನ ಅಭಿಪ್ರಾಯ.

ಮೊದಲನೆಯ ತೊಡಕು ಮಳೆಯ ಕಾಲದ್ದು. ಘಟ್ಟದ ಪಡುವಣ ಮೈಗೆ ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಅಪ್ಪಳಿಸುತ್ತದೆ. ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯದಲ್ಲಿ ಅಲ್ಲಿ ಹೊಳೆ ಉಕ್ಕುತ್ತದೆ. ಅದೇ ಹೊತ್ತಿನಲ್ಲಿ ಘಟ್ಟದ ಮೂಡಲ ನೆರಳಿನಲ್ಲಿರುವ ನಮ್ಮ ಕಡೆ ಗಾಳಿ ಬೀಸಿ ತುಂತುರು ಬಿದ್ದು ಹೋಗುವ ದಿನಗಳೇ ಹೆಚ್ಚು. ಇಲ್ಲಿ ಕೆರೆ ತುಂಬಿಸುವುದು, ಎರೆ ಹೊಲವನ್ನು ಹಿಂಗಾರಿ ಜೋಳಕ್ಕೆ ಹದ ಮಾಡುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳು, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಆ ಮಳೆಯ ಒಂದು ಪಾಲು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ಬರುತ್ತದೆ. ಅದರ ಐಸೋಟೋಪು ಗುಣ ಅರಬ್ಬೀ ಸಮುದ್ರದ ಆವಿಯದಕ್ಕಿಂತ ಬೇರೆ. ಆಕಳಗವಿಯ ಪದರ ಮುಖ್ಯವಾಗಿ ಘಟ್ಟದ ಮುಂಗಾರಿನ ಮಾತು. ಮುಂಗಾರು ಚೆನ್ನಾಗಿದ್ದು ಹಿಂಗಾರು ಕೈಕೊಟ್ಟ ವರ್ಷವೊಂದು ಆ ಕಂಬದಲ್ಲಿ ಒಳ್ಳೆಯ ವರ್ಷವಾಗಿ ಕಾಣಬಹುದು. ಅದೇ ವರ್ಷ ಕೊಟ್ಟೂರಿನ ರೈತನಿಗೆ ಬರದ ವರ್ಷ.

ಎರಡನೆಯ ತೊಡಕು ಬರದ್ದೇ. ಮಳೆ ಕಡಿಮೆಯಾದಲ್ಲೆಲ್ಲ ಜನ ಸಾಯುವುದಿಲ್ಲ. ಧಾನ್ಯದ ಬೆಲೆ, ಸಾಗಣೆ, ಕಂದಾಯ, ಸರ್ಕಾರದ ನಡೆ ಇವೆಲ್ಲ ಸೇರಿ ಬರವನ್ನು ಕ್ಷಾಮವಾಗಿಸುತ್ತವೆ. ಛತ್ತೀಸಗಢದ ದಂಡಕ ಗವಿಯ ಕಂಬವನ್ನು ಓದಿ ಆಶಿಶ್ ಸಿನ್ಹಾ ಮತ್ತು ಸಂಗಡಿಗರು 2007ರಲ್ಲಿ ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರಿನ ಚಿತ್ರ ಕೊಟ್ಟರು. ಅದರಲ್ಲಿ 14ನೇ ಶತಮಾನದ ಮಧ್ಯದಿಂದ ಮುಂಗಾರು ಪದೇಪದೇ ಸೊರಗಿದ್ದು ಕಾಣುತ್ತದೆ. ದಖ್ಖನದ ದುರ್ಗಾದೇವಿ ಬರದ ನೆನಪು ಆ ಶತಮಾನದ ಕೊನೆಗೆ ಸೇರಿದ್ದು, ವಿಜಯನಗರ ಆಗ ಎಳೆಯ ರಾಜ್ಯ. ಎರಡನ್ನೂ ಜೋಡಿಸಿ ಓದುವ ಆಸೆ ಸಹಜ, ಆ ಜೋಡಣೆಯಲ್ಲಿ ನಿಜವೂ ಇರಬಹುದು. ಆದರೆ ದಂಡಕ ಇರುವುದು ಮಧ್ಯ ಭಾರತದ ಮುಂಗಾರಿನ ನಡುವಲಯದಲ್ಲಿ. ಅಲ್ಲಿನ ಗೆರೆ ಇಳಿದ ಕಡೆಯಲ್ಲೆಲ್ಲ ಹಂಪಿಯ ಸುತ್ತಲಿನ ಕೆರೆ ಕಟ್ಟಿದ ಕಾರಣವನ್ನು ತುರುಕಿದರೆ ಅದು ಸಂಶೋಧನೆಯಾಗುವುದಿಲ್ಲ.

ಮೇಘಾಲಯದ ಮಾವ್‌ಮ್ಲು ಗವಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಅಲ್ಲಿನ ಸ್ಟಾಲಗ್ಮೈಟ್ ಒಂದನ್ನು ಆಧಾರ ಮಾಡಿಕೊಂಡು 2018ರಲ್ಲಿ ಭೂಕಾಲದ ಇತ್ತೀಚಿನ ಘಟ್ಟಕ್ಕೆ 'ಮೇಘಾಲಯನ್' ಎಂದು ಹೆಸರಿಟ್ಟರು. ಅದರ ಆರಂಭ ಇಂದಿಗೆ ಸುಮಾರು 4,200 ವರ್ಷಗಳ ಹಿಂದೆ, ಆ ಕಂಬದಲ್ಲಿ ಒಣಗಾಲವೊಂದು ಕಾಣುವ ಹೊತ್ತಿಗೆ. ಬಳ್ಳಾರಿ ಸೀಮೆಯ ಬೂದಿಗುಡ್ಡಗಳ ದನಗಾಹಿ ಸಂಸ್ಕೃತಿ ಆ ಕಾಲವನ್ನು ದಾಟಿ ಬಂದದ್ದರಿಂದ ನಮ್ಮ ಪ್ರಾಗಿತಿಹಾಸದವರು ಈ ದಿನಾಂಕವನ್ನು ಆಸೆಯಿಂದ ನೋಡುತ್ತಾರೆ. ಆದರೆ ಅದೇ ಗವಿಯ ಮುಂದಿನ ಮಾದರಿಗಳು ಆ ಒಣಗಾಲದ ಸ್ವರೂಪ ಮತ್ತು ಅವಧಿಯ ಬಗ್ಗೆ ಬೇರೆ ಚಿತ್ರ ಕೊಟ್ಟು ಚರ್ಚೆ ಎಬ್ಬಿಸಿವೆ.

ನಮಗೆ ಹತ್ತಿರದ ಗವಿಗಳು ಆಂಧ್ರದ ಕರ್ನೂಲು ಭಾಗದವು. ಅಲ್ಲಿ ಸುಣ್ಣಕಲ್ಲು ವಿಶಾಲವಾಗಿ ಹಾಸಿದೆ. ಬಿಲ್ಲಸುರ್ಗಂ ಗವಿಗಳ ಎಲುಬುಗಳ ಬಗ್ಗೆ ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲೇ ಬರೆದಿದ್ದರು, 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅಲ್ಲಿ ಅಗೆದರು. ಬೇಲಂ ಗವಿ ಈಗ ಪ್ರವಾಸಿಗಳಿಗೆ ಚಿರಪರಿಚಿತ. ಅರಸೀಕೆರೆಯ ಸುತ್ತಲಿನ ನೆಲ ಬೇರೆ. ಇಲ್ಲಿರುವುದು ಗ್ರಾನೈಟ್ ಮತ್ತು ನೈಸ್. ಉಚ್ಚಂಗಿದುರ್ಗದ ಬಂಡೆಯನ್ನು ಮಳೆನೀರು ಕೊರೆದು ಸುಣ್ಣದ ಗವಿ ಮಾಡುವುದಿಲ್ಲ. ಆದ್ದರಿಂದ ಹುಡುಕಾಟ ಗವಿಯಿಂದ ಮಣ್ಣಿಗೆ ಇಳಿಯಬೇಕು.

ಎರೆ ಹೊಲದಲ್ಲಿ ಬಾವಿ ತೋಡಿದಾಗ, ಹಳ್ಳ ಕೊರೆದ ದಂಡೆಯಲ್ಲಿ, ಮಸಾರಿ ಮಣ್ಣಿನ ಕೆಳಗಿನ ಕೊಳೆತ ಕಲ್ಲಿನ ಬಿರುಕುಗಳಲ್ಲಿ ಬಿಳಿ ಅಥವಾ ಬೂದು ಬಣ್ಣದ, ಗಂಟುಗಂಟಾದ ಸುಣ್ಣದ ಹರಳುಗಳು ಸಿಗುತ್ತವೆ. ಹಿಂದೆ ಸುಣಗಾರರು ಇವನ್ನು ಆರಿಸಿ ತಂದು ಗೂಡಿನಲ್ಲಿ ಸುಟ್ಟು ಗಾರೆಗೂ ಗೋಡೆಗೂ ಸುಣ್ಣ ಮಾಡುತ್ತಿದ್ದರು. ಭೂವಿಜ್ಞಾನದಲ್ಲಿ ಇವಕ್ಕೆ ಕಂಕರ್ ಅಥವಾ ಕ್ಯಾಲ್ಕ್ರೀಟ್ ಎಂಬ ಹೆಸರು. ಒಂದು ಹರಳಿನ ಮೇಲೆ ನಿಂಬೆರಸ ಹಿಂಡಿದರೆ ನೊರೆಗಟ್ಟುತ್ತದೆ, ಗುರುತಿಸಲು ಅಷ್ಟು ಸಾಕು.

ಸುಣ್ಣಕಲ್ಲೇ ಇಲ್ಲದ ನೆಲದಲ್ಲಿ ಸುಣ್ಣ ಬಂದದ್ದೆಲ್ಲಿಂದ? ಗ್ರಾನೈಟ್ ಮತ್ತು ನೈಸ್‌ನಲ್ಲಿರುವ ಪ್ಲೇಜಿಯೊಕ್ಲೇಸ್, ಹಾರ್ನ್‌ಬ್ಲೆಂಡ್ ಖನಿಜಗಳಲ್ಲಿ ಕ್ಯಾಲ್ಸಿಯಂ ಉಂಟು. ಬಂಡೆ ಕೊಳೆಯುವಾಗ ಅದು ನೀರಿಗೆ ಬಿಡುಗಡೆಯಾಗುತ್ತದೆ. ಗಾಳಿಯ ದೂಳು ಮತ್ತು ಮಳೆ ಕೂಡ ಸ್ವಲ್ಪ ತರುತ್ತವೆ. ಯಾವುದರ ಪಾಲು ಎಷ್ಟೆಂದು ಸ್ಟ್ರಾನ್ಷಿಯಂ ಐಸೋಟೋಪುಗಳಿಂದ ಬೇರ್ಪಡಿಸಬಹುದು. ಮಳೆಗಾಲದಲ್ಲಿ ನೀರು ಕ್ಯಾಲ್ಸಿಯಮ್ಮನ್ನು ಕೆಳಗೆ ಒಯ್ಯುತ್ತದೆ. ಮಳೆ ನಿಂತ ಮೇಲೆ ಬೇರುಗಳೂ ಬಿಸಿಲೂ ನೀರನ್ನು ಎಳೆದುಕೊಳ್ಳುತ್ತವೆ, ಮಣ್ಣಿನ ಉಸಿರು ಇಳಿಯುತ್ತದೆ, ಸುಣ್ಣ ಅಲ್ಲೇ ಗಂಟಾಗುತ್ತದೆ. ಮಳೆ ಧಾರಾಳವಾದ ಕಡೆ ಕ್ಯಾಲ್ಸಿಯಂ ತೊಳೆದು ಹೊಳೆ ಸೇರುತ್ತದೆ. ಹರಳು ಕಟ್ಟಬೇಕಾದರೆ ಅರೆಬರಡು ಹವೆಯೇ ಬೇಕು. ಅಂದರೆ ಹರಳು ಇರುವುದೇ ಮೊದಲ ಸಾಕ್ಷ್ಯ, ಅದು ಯಾವ ಆಳದಲ್ಲಿದೆ ಎಂಬುದು ಎರಡನೆಯದು. ಅಮೆರಿಕದ ಮಣ್ಣುವಿಜ್ಞಾನಿ ಹಾನ್ಸ್ ಜೆನ್ನಿ 1930ರ ದಶಕದಲ್ಲಿ ಅಲ್ಲಿನ ಮಹಾಬಯಲುಗಳಲ್ಲಿ ಮಳೆ ಹೆಚ್ಚಿದಂತೆ ಸುಣ್ಣದ ಪದರ ಆಳಕ್ಕೆ ಇಳಿಯುವುದನ್ನು ತೋರಿಸಿದರು. ಆ ಸಂಬಂಧವನ್ನು ಎಲ್ಲ ಮಣ್ಣಿಗೂ ಒಂದೇ ಸೂತ್ರವಾಗಿ ಹೇರಲು ಬರುವುದಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬಿ ತನ್ನೊಳಗನ್ನೇ ಮಗುಚುವುದರಿಂದ ಹರಳು ಹುಟ್ಟಿದ ಆಳದಲ್ಲೇ ಇರುತ್ತದೆಂಬ ಭರವಸೆಯಿಲ್ಲ. ಮಸಾರಿಯ ಕೆಳಗಿನ ಕೊಳೆತ ಕಲ್ಲಿನಲ್ಲಿ ಕಟ್ಟಿದ ಹರಳನ್ನು ಅದಕ್ಕಿಂತ ಹೆಚ್ಚು ನಂಬಬಹುದು.

ಹರಳಿನ ಇಂಗಾಲ ಇನ್ನೊಂದು ಕಥೆ ಹೇಳುತ್ತದೆ, ನನಗೆ ಇದರಲ್ಲೇ ಹೆಚ್ಚು ಆಸಕ್ತಿ. ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಬಯಲಿನ ಹೆಚ್ಚಿನ ಹುಲ್ಲುಗಳು ಸಿ-4 ಬಗೆಯ ಸಸ್ಯಗಳು. ಮರಗಳು, ಪೊದೆಗಳು, ತೊಗರಿ, ಶೇಂಗಾ, ಹತ್ತಿ ಸಿ-3 ಬಗೆಯವು. ಎರಡೂ ಗಾಳಿಯ ಇಂಗಾಲವನ್ನು ಹಿಡಿಯುವ ದಾರಿ ಬೇರೆ. ಇಂಗಾಲ-13ರ ಅನುಪಾತ ಸಿ-3ರಲ್ಲಿ ಸಾವಿರಕ್ಕೆ ಋಣ 27ರ ಸುತ್ತ, ಸಿ-4ರಲ್ಲಿ ಋಣ 13ರ ಸುತ್ತ. ಬೇರಿನ ಉಸಿರಿನಿಂದ ಆ ಗುರುತು ಹರಳಿಗೆ ಇಳಿಯುತ್ತದೆ. ಪೂರ್ತಿ ಮರಗಾಡಿನ ಕೆಳಗೆ ಕಟ್ಟಿದ ಹರಳಿನಲ್ಲಿ ಸುಮಾರು ಋಣ 12, ಪೂರ್ತಿ ಹುಲ್ಲುಗಾವಲಿನ ಕೆಳಗೆ ಧನ 2ರವರೆಗೆ. ಕೂಡ್ಲಿಗಿಯ ಕುರುಚಲು ಗುಡ್ಡಗಳು ಒಮ್ಮೆ ದಟ್ಟ ಕಾಡಾಗಿದ್ದವೇ, ಹುಲ್ಲುಗಾವಲು ಯಾವಾಗ ಹರಡಿತು, ಅದು ಮಳೆ ಕುಗ್ಗಿದ್ದರಿಂದಲೋ ದನಗಾಹಿಗಳ ಬೆಂಕಿಯಿಂದಲೋ ಎಂಬ ಪ್ರಶ್ನೆಗಳನ್ನು ಹರಳಿನ ಮುಂದೆ ಇಡಲು ಸಾಧ್ಯವಿದೆ. ಆದರೆ ಹರಳು ವರ್ಷದ ಸರಾಸರಿಯನ್ನು ಕೊಡುವುದಿಲ್ಲ. ಬ್ರೆಕರ್ ಮತ್ತು ಸಂಗಡಿಗರು ನ್ಯೂ ಮೆಕ್ಸಿಕೊದ ಮಣ್ಣಿನಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸುಣ್ಣ ಕಟ್ಟುವುದು ಮಣ್ಣು ಬಿಸಿಯಾಗಿ ಒಣಗುವ ಕಾಲದಲ್ಲಿ. ಆಗ ನೀರು ಆವಿಯಾಗಿ ಆಕ್ಸಿಜನ್-18 ಹೆಚ್ಚಿರುತ್ತದೆ, ಮಣ್ಣಿನ ಉಸಿರು ಕಡಿಮೆಯಿರುತ್ತದೆ. ಇದನ್ನು ಮರೆತು ಓದಿದರೆ ನೆಲ ಇದ್ದದ್ದಕ್ಕಿಂತ ಹೆಚ್ಚು ಒಣಗಿತ್ತೆಂದೂ ಹುಲ್ಲು ಇದ್ದದ್ದಕ್ಕಿಂತ ಹೆಚ್ಚಿತ್ತೆಂದೂ ತೋರುತ್ತದೆ.

ವಯಸ್ಸಿನ ಪ್ರಶ್ನೆ ಎಲ್ಲಕ್ಕಿಂತ ಬಿಗಿ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ. ಹೊಸದಾಗಿ ಕಟ್ಟಿದ ಶುದ್ಧ ಸುಣ್ಣದಲ್ಲಿ ಯುರೇನಿಯಂ ಮಾತ್ರ ಇರುತ್ತದೆ, ಅದು ಕ್ಷಯಿಸುತ್ತ ಥೋರಿಯಂ-230 ಹುಟ್ಟುತ್ತದೆ. ಇದರ ಅರ್ಧಾಯುಷ್ಯ ಸುಮಾರು 75,600 ವರ್ಷ, ಆದ್ದರಿಂದ ಐದು ಲಕ್ಷ ವರ್ಷಗಳಷ್ಟು ಹಿಂದಕ್ಕೆ ಎಣಿಸಬಹುದು. ಗವಿಯ ಕ್ಯಾಲ್ಸೈಟ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಹೊಲದ ಹರಳಿನೊಳಗೆ ಜೇಡಿಯೂ ಮರಳೂ ಸೇರಿಕೊಂಡಿರುತ್ತವೆ, ಅವುಗಳೊಂದಿಗೆ ಹಳೆಯ ಥೋರಿಯಮ್ಮೂ ಬರುತ್ತದೆ. ಅದನ್ನು ಕಳೆಯದಿದ್ದರೆ ಹರಳು ತನ್ನ ನಿಜವಾದ ವಯಸ್ಸಿಗಿಂತ ಮುದಿಯಾಗಿ ಕಾಣುತ್ತದೆ. ಮೇಲಾಗಿ ಒಂದೇ ಗಂಟು ಸಾವಿರಾರು ವರ್ಷ ಬೆಳೆದಿರಬಹುದು, ನಡುವೆ ಕರಗಿ ಮತ್ತೆ ಕಟ್ಟಿರಬಹುದು.

ಕರ್ನಾಟಕದಲ್ಲಿ ಈ ಕಷ್ಟದ ಕೆಲಸವನ್ನು ಕೈಗೆತ್ತಿಕೊಂಡ ಮಾದರಿ ಕಬಿನಿ ಕಣಿವೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಭಾರತ-ಫ್ರಾನ್ಸ್ ಜಲವಿಜ್ಞಾನ ಘಟಕದ ನೆರವಿನಿಂದ ನಡೆದ ಅಧ್ಯಯನವನ್ನು ವಿಯೊಲೆತ್, ರಿಯೊತ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಅಲ್ಲಿನ ಮಣ್ಣಿನ ಹರಳುಗಳಲ್ಲಿ ಒಂದು ತಲೆಮಾರು ಕಳೆದ ಕೆಲವು ಸಾವಿರ ವರ್ಷಗಳದು, ಇನ್ನೊಂದು ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ವರ್ಷ ಹಿಂದಿನದು. ಒಂದೇ ಸೀಮೆಯ ಹರಳುಗಳೊಳಗೆ ಇಷ್ಟು ಅಂತರ! ಗುಂಪಾಗಿ ಆರಿಸಿ ತಂದ ಹರಳುಗಳನ್ನು ಪುಡಿಮಾಡಿ ಒಂದೇ ಅಳತೆ ತೆಗೆಯುವುದು ಏಕೆ ವ್ಯರ್ಥ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸೆಲೆಗಳ ದಾಖಲೆಗೆ ಯಾದಗಿರಿ ಜಿಲ್ಲೆಯ ಹುಣಸಗಿ-ಬೈಚಬಾಳ ಕಣಿವೆಗೆ ಹೋಗಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಅಲ್ಲಿ ನಡೆದಾಡಿ ಆದಿ ಶಿಲಾಯುಗದ ಅಶೂಲಿಯನ್ ನೆಲೆಗಳನ್ನು ಗುರುತಿಸಿದರು. ಸುಣ್ಣಕಲ್ಲು ಮತ್ತು ಜೇಡಿಶಿಲೆಯ ದಿಬ್ಬಗಳು ಸುತ್ತುವರಿದ ಆ ತಗ್ಗಿನಲ್ಲಿ ಬೇಸಿಗೆಯಲ್ಲೂ ಜಿನುಗುವ ಸೆಲೆಗಳುಂಟು. ಹಳೆಯ ಸೆಲೆಗಳು ಕಟ್ಟಿದ ಟ್ರಾವರ್ಟೈನ್ ಕಲದೇವನಹಳ್ಳಿಯಲ್ಲಿದೆ. ಸಾಬೋ ಮತ್ತು ಸಂಗಡಿಗರು ಪದ್ದಯ್ಯನವರೊಂದಿಗೆ 1990ರಲ್ಲಿ ಪ್ರಕಟಿಸಿದ ಯುರೇನಿಯಂ-ಥೋರಿಯಂ ಎಣಿಕೆಯಂತೆ ಅದರ ವಯಸ್ಸು ಸುಮಾರು 1,70,000 ವರ್ಷ. ಕೈಗೊಡಲಿ ಮಾಡುತ್ತಿದ್ದ ಜನ ಒಣಗಾಲ ಕಳೆಯಲು ಈ ಸೆಲೆಗಳ ಬಳಿ ಸೇರುತ್ತಿದ್ದರೆಂಬ ಪದ್ದಯ್ಯನವರ ವಾದಕ್ಕೆ ಆ ಸುಣ್ಣ ಬಲ ಕೊಡುತ್ತದೆ. ಸೆಲೆ ಸುಣ್ಣ ಕಟ್ಟುತ್ತಿತ್ತೆಂದರೆ ನೆಲದೊಳಗೆ ನೀರು ಇಂಗುತ್ತಿತ್ತೆಂದು ಅರ್ಥ. ಮಳೆಯ ಮಟ್ಟಕ್ಕಿಂತ ಅಂತರ್ಜಲದ ಮಟ್ಟವನ್ನು ಟ್ರಾವರ್ಟೈನ್ ಸ್ಪಷ್ಟವಾಗಿ ಹೇಳುತ್ತದೆ. ಕೊಳವೆ ಬಾವಿಗಳು ವರ್ಷವರ್ಷಕ್ಕೆ ಆಳಕ್ಕಿಳಿಯುತ್ತಿರುವ ನಮ್ಮ ತಾಲ್ಲೂಕುಗಳಿಗೆ ಆ ಸಾಕ್ಷ್ಯ ಪರಕೀಯವಲ್ಲ.

ಆದ್ದರಿಂದ ನನ್ನ ನಿಲುವು ಇದು. ವರ್ಷವರ್ಷದ ಮಳೆಗೆ ಆಕಳಗವಿ, ಆದರೆ ಅದು ಘಟ್ಟದ ಮಳೆ. ಸಾವಿರಾರು ವರ್ಷಗಳ ಸರಾಸರಿ ಒಣಗು ಮತ್ತು ಹಸಿರಿಗೆ ಅರಸೀಕೆರೆ ಸೀಮೆಯದೇ ಹರಳು. ಹರಳಿನಿಂದ 1876ರ ಬರವನ್ನು ಹುಡುಕುವುದು ಎಷ್ಟು ತಪ್ಪೋ, ಆಕಳಗವಿಯಿಂದ ಹಗರಿ ದಂಡೆಯ ಹುಲ್ಲುಗಾವಲಿನ ವಯಸ್ಸು ಕೇಳುವುದೂ ಅಷ್ಟೇ ತಪ್ಪು.

ಈ ಹರಳುಗಳು ವೇಗವಾಗಿ ಕಳೆದುಹೋಗುತ್ತಿವೆ. ಹೊಲ ಸಮತಟ್ಟು ಮಾಡುವ ಜೆಸಿಬಿ, ರಸ್ತೆಗೆ ಗರಸು ತೆಗೆಯುವ ಗುಂಡಿ, ಕೃಷಿ ಹೊಂಡ ಎಲ್ಲವೂ ಪದರವನ್ನು ಕದಡುತ್ತವೆ. ಅದೇ ಹೊಂಡಗಳು ಕೆಲವು ದಿನ ಮಣ್ಣಿನ ಪೂರ್ತಿ ಅಡ್ಡಕೊಯ್ತವನ್ನು ತೆರೆದು ತೋರಿಸುವುದೂ ನಿಜ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿಯ ಕಾಲೇಜುಗಳ ಭೂಗೋಳ ಮತ್ತು ಇತಿಹಾಸದ ಅಧ್ಯಾಪಕರಲ್ಲಿ ನನ್ನ ಕೋರಿಕೆ: ಊರಲ್ಲಿ ಹೊಸ ಹೊಂಡ ತೋಡಿದ ಸುದ್ದಿ ಬಂದರೆ ವಿದ್ಯಾರ್ಥಿಗಳೊಂದಿಗೆ ಹೋಗಿ, ಟೇಪು ಇಳಿಬಿಟ್ಟು ಫೋಟೊ ತೆಗೆಯಿರಿ. ಮೊದಲ ಹರಳು ಎಷ್ಟು ಆಳದಲ್ಲಿ ಕಂಡಿತು, ಮಣ್ಣು ಎರೆಯೋ ಮಸಾರಿಯೋ, ಕೆಳಗಿನ ಬಂಡೆ ಯಾವುದು, ಸರ್ವೆ ನಂಬರು ಎಷ್ಟು ಎಂದು ಬರೆದಿಡಿ. ಹರಳುಗಳನ್ನು ಒಡೆಯದೆ, ಆಳವಾರು ಬೇರೆಬೇರೆ ಚೀಲಗಳಲ್ಲಿ ಚೀಟಿ ಹಾಕಿ ಇಡಿ. ಉತ್ತರ ಕನ್ನಡದ ಗವಿಗಳಿಗೆ ಪ್ರವಾಸ ಹೋದಾಗ ಒಂದು ಕಡ್ಡಿಯನ್ನೂ ಮುರಿದು ತರಬೇಡಿ.